ಬಚ್ಚಲುಮನೆಯಲ್ಲೊಂದು ಬಾಣಂತನ

“ನಮಗೆ ನಾಯಿ ಸಾಕುವ ಹಾಗಿಲ್ಲ ಮಾರಾಯ್ರೆ. ಮಗ ದುಬೈಯಲ್ಲಿ, ಮಗಳು ಬೆಂಗಳೂರಲ್ಲಿ. ಮೂರು ತಿಂಗಳಿಗೊಮ್ಮೆ ಮನೆಗೆ ಬೀಗ ಬೀಳ್ತದೆ.”

ಮಂಗಳೂರಿನಲ್ಲಿ ಈ ಮಾತು ಕೇಳದ ಬೀದಿಯಿಲ್ಲ. ಕದ್ರಿಯ ಹಂಚಿನ ಮನೆಯಲ್ಲೂ ಇದೇ, ಬೆಂದೂರ್‌ವೆಲ್‌ನ ಹತ್ತನೆಯ ಮಹಡಿಯ ಫ್ಲ್ಯಾಟಿನಲ್ಲೂ ಇದೇ. ಬ್ಯಾಂಕಿನವರಾದರೆ ಟ್ರಾನ್ಸ್‌ಫರ್ ಎನ್ನುತ್ತಾರೆ. ಐದು ಬ್ಯಾಂಕುಗಳನ್ನು ಹೆತ್ತ ಅವಿಭಜಿತ ದಕ್ಷಿಣ ಕನ್ನಡಕ್ಕೆ ಟ್ರಾನ್ಸ್‌ಫರ್ ಎಂದರೆ ಮಳೆಗಾಲ, ಸೆಕೆಗಾಲದ ಹಾಗೆ ಇನ್ನೊಂದು ಕಾಲ. ಮೆಡಿಕಲ್ ಓದುವ ಮಕ್ಕಳು ಕೋರ್ಸು ಮುಗಿದ ಕೂಡಲೇ ಊರು ಬಿಡುವವರು. ಇದರಲ್ಲಿ ಯಾವುದೂ ನೆಪವಲ್ಲ. ನಾಯಿ ಹತ್ತು ಹನ್ನೆರಡು ವರ್ಷ, ಬೆಕ್ಕು ಮನೆಯೊಳಗೇ ಬೆಳೆದರೆ ಹದಿನೈದು ವರ್ಷ ಬದುಕುವ ಜೀವ. ಅಷ್ಟು ವರ್ಷದ ಜವಾಬ್ದಾರಿ ಬೇಡ ಎನ್ನುವವರನ್ನು ನಾನು ಮೆಚ್ಚುತ್ತೇನೆ. ಬೇಕು ಎಂದು ತಂದು, ಎರಡನೇ ವರ್ಷ ರಸ್ತೆಗೆ ಬಿಡುವವರಿಗಿಂತ ಇವರು ಎಷ್ಟೋ ವಾಸಿ.

ಆದರೆ ಆರು ವಾರ ಸಾಧ್ಯವೇ ಎಂದು ಕೇಳಿ ನೋಡಿ. ಒಂದು ಬಚ್ಚಲುಮನೆ, ಒಂದು ರಟ್ಟಿನ ಪೆಟ್ಟಿಗೆ, ಆರು ವಾರ. ಬೀಗ ಹಾಕುವ ದಿನ ಗೊತ್ತಿದೆಯಲ್ಲ, ಅದರ ಹಿಂದಿನ ವಾರ ಪ್ರಾಣಿಯನ್ನು ಕೊಟ್ಟುಬಿಡಿ. ಶೆಲ್ಟರುಗಳಲ್ಲಿ ಕೆಲಸ ಮಾಡುವವರು ಇದಕ್ಕೆ ‘ಫಾಸ್ಟರ್’ ಎನ್ನುತ್ತಾರೆ. ದತ್ತು ಪಡೆಯುವುದು ಬೇರೆ, ಇದು ಬೇರೆ. ಪ್ರಾಣಿ ಶೆಲ್ಟರಿನದೇ ಆಗಿರುತ್ತದೆ. ಔಷಧ, ಡಾಕ್ಟರು, ಮುಂದಿನ ಮನೆ ಹುಡುಕುವ ಹೊಣೆಯೂ ಸಾಮಾನ್ಯವಾಗಿ ಅವರದೇ. ನಿಮ್ಮದು ಜಾಗ ಮತ್ತು ಹೊತ್ತು. ಕನ್ನಡದಲ್ಲಿ ‘ಸಾಕು’ ಎಂಬ ಒಂದೇ ಪದಕ್ಕೆ ಪೋಷಿಸು ಎಂಬ ಅರ್ಥವೂ ಇದೆ, ಇಷ್ಟು ಮಾತ್ರ ಎಂಬ ಅರ್ಥವೂ ಇದೆ. ಫಾಸ್ಟರ್ ಎನ್ನುವುದಕ್ಕೆ ಹೊಸ ಪದ ಹುಡುಕುವವರು ಅಲ್ಲಿಂದಲೇ ಶುರುಮಾಡಬಹುದು.

ಯಶೋದೆಯ ಹೋಲಿಕೆ ಸುಲಭಕ್ಕೆ ನೆನಪಾಗುತ್ತದೆ, ಆದರೆ ಅದು ಇಲ್ಲಿ ಹೊಂದುವುದಿಲ್ಲ. ಮಗು ತನ್ನದಲ್ಲವೆಂದು ಯಶೋದೆಗೆ ಗೊತ್ತಿರಲಿಲ್ಲ. ನಮ್ಮ ಕಡೆಯ ಬಾಣಂತನ ಹೆಚ್ಚು ಹತ್ತಿರದ್ದು. ಚೊಚ್ಚಲ ಹೆರಿಗೆಗೆ ಮಗಳು ತಾಯಿಮನೆಗೆ ಬರುತ್ತಾಳೆ. ಅಜ್ಜಿ ರಾತ್ರಿ ನಿದ್ದೆಗೆಟ್ಟು, ಎಣ್ಣೆ ಹಚ್ಚಿ ಮೀಯಿಸಿ, ಮಗುವನ್ನು ಒಂದು ಹದಕ್ಕೆ ತರುತ್ತಾಳೆ. ತಿಂಗಳು ತುಂಬಿದ ಮೇಲೆ ತೊಟ್ಟಿಲ ಸಮೇತ ಕಳಿಸಿಕೊಡುತ್ತಾಳೆ. ಕಳಿಸಿದ ಸಂಜೆ ಅವಳು ಊಟ ಮಾಡುವುದಿಲ್ಲ, ಅದು ಬೇರೆ ವಿಷಯ. ಆದರೆ ಮಗುವನ್ನು ಇಟ್ಟುಕೊಳ್ಳುತ್ತೇನೆ ಎಂದು ಅವಳು ಯಾವತ್ತೂ ಹೊರಟವಳಲ್ಲ.

ಮಂಗಳೂರಿನಲ್ಲಿ ಪ್ರಾಣಿಗಳನ್ನು ರಕ್ಷಿಸುವವರಿಗೆ ಕೊರತೆಯಿಲ್ಲ. ಬಳ್ಳಾಲ್‌ಬಾಗ್‌ನ ರಜನಿ ಶೆಟ್ಟಿಯವರು ಹಗ್ಗ ಕಟ್ಟಿಕೊಂಡು ಬಾವಿಗಿಳಿದು ನಾಯಿಯನ್ನು ಮೇಲೆತ್ತಿದ ವಿಡಿಯೊ 2020ರ ಆರಂಭದಲ್ಲಿ ದೇಶವಿಡೀ ಸುತ್ತಿತು. ಕಟ್ಟೆ ಸರಿಯಿಲ್ಲದ ಹಳೆಯ ಬಾವಿಗಳಿರುವ ಈ ಊರಿನಲ್ಲಿ ಅದು ಅವರಿಗೆ ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ. ಶಕ್ತಿನಗರದಲ್ಲಿ ಎನಿಮಲ್ ಕೇರ್ ಟ್ರಸ್ಟ್ ಇದೆ. ವಕೀಲೆ ಸುಮಾ ಆರ್. ನಾಯಕ್ ಅದರ ಟ್ರಸ್ಟಿ. ಗಾಡಿ ಬಡಿದ ನಾಯಿ, ಸೊಂಟ ಬಿದ್ದ ಬೆಕ್ಕು, ಕಣ್ಣಿಲ್ಲದ ಮುದಿಜೀವ ಎಲ್ಲ ಅಲ್ಲಿಗೆ ಬಂದು ಸೇರುತ್ತವೆ. ಬೀದಿನಾಯಿಗಳ ಸಂತಾನಶಕ್ತಿ ಹರಣ ಚಿಕಿತ್ಸೆಯನ್ನೂ ಪಾಲಿಕೆಗಾಗಿ ಈ ಸಂಸ್ಥೆ ನಡೆಸಿದೆ. ಬಾವಿಯಿಂದ ಎತ್ತುವುದು ಒಂದು ಗಂಟೆಯ ಸಾಹಸ. ಎತ್ತಿದ ಮೇಲೆ ಆ ಜೀವ ಎಲ್ಲಿರಬೇಕು ಎಂಬುದು ವಾರಗಟ್ಟಲೆಯ ಪ್ರಶ್ನೆ, ಅದನ್ನು ಯಾರೂ ವಿಡಿಯೊ ಮಾಡುವುದಿಲ್ಲ.

ಕಾನೂನಿನ ಲೆಕ್ಕದಲ್ಲಿ ಗಟ್ಟಿಮುಟ್ಟಾದ ಬೀದಿನಾಯಿಗೆ ಶೆಲ್ಟರಿನಲ್ಲಿ ಕೆಲಸವೇ ಇಲ್ಲ. ಸಂತಾನ ನಿಯಂತ್ರಣದ 2001ರ ನಿಯಮಗಳೂ ಅವುಗಳ ಜಾಗಕ್ಕೆ ಬಂದ 2023ರ ನಿಯಮಗಳೂ ಹೇಳುವುದು ಒಂದನ್ನೇ: ಹಿಡಿಯಿರಿ, ಶಸ್ತ್ರಚಿಕಿತ್ಸೆ ಮಾಡಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿ, ಕಿವಿಗೆ ಗುರುತು ಮಾಡಿ, ಹಿಡಿದ ಜಾಗದಲ್ಲೇ ಬಿಡಿ. 2025ರಲ್ಲಿ ಈ ಲೆಕ್ಕ ಅಲುಗಾಡಿತು. ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಶೆಲ್ಟರಿಗೆ ಸೇರಿಸಿ ಎಂದಿತು. 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿ, ರೇಬಿಸ್ ತಗಲಿದ ಮತ್ತು ಮೈಮೇಲೆ ಬೀಳುವ ನಾಯಿಗಳ ಹೊರತು ಉಳಿದವನ್ನು ಚಿಕಿತ್ಸೆಯ ನಂತರ ಮರಳಿ ಬಿಡಬಹುದು ಎಂದಿತು. ನವೆಂಬರ್ 7ರಂದು ಮತ್ತೊಂದು ಆದೇಶ: ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ಮತ್ತು ರೈಲು ನಿಲ್ದಾಣಗಳಿಂದ ಹಿಡಿದವನ್ನು ಮಾತ್ರ ಅಲ್ಲಿಗೆ ಮತ್ತೆ ಬಿಡಕೂಡದು. ಈ ಬಗ್ಗೆ ವಾದ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ನಾನು ಆ ಸಾಲಿಗೆ ನಿಲ್ಲುವುದಿಲ್ಲ. ಶೆಲ್ಟರಿನ ಗೂಡು ಇನ್ನಷ್ಟು ತುಂಬುತ್ತದೆ ಎಂಬುದಷ್ಟೇ ನನ್ನ ವಿಷಯ. ಮೊದಲೇ ಅಲ್ಲಿ ಮರಿಗಳಿಗೆ ಜಾಗವಿರಲಿಲ್ಲ.

ಮರಿಗಳಿಗೆ ಜಾಗವಿದ್ದರೂ ಅದು ಒಳ್ಳೆಯ ಜಾಗವಲ್ಲ ಎಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ. ಕಾರಣ ಪಾರ್ವೊ. ನಾಯಿಗಳ ಈ ವೈರಸ್ 1978ರ ಸುಮಾರಿಗೆ ಜಗತ್ತಿನ ಹಲವೆಡೆ ಒಟ್ಟಿಗೇ ಕಾಣಿಸಿಕೊಂಡಿತು. ತಾಯಿಹಾಲಿನಿಂದ ಬಂದ ರಕ್ಷಣೆ ಮರಿಗೆ ಕೆಲವು ವಾರ ಮಾತ್ರ ಇರುತ್ತದೆ. ಆ ರಕ್ಷಣೆ ಇರುವವರೆಗೆ ಲಸಿಕೆ ಸರಿಯಾಗಿ ನಾಟುವುದಿಲ್ಲ, ಹೋದ ಮೇಲೆ ಮರಿ ಬರಿಗೈಯಲ್ಲಿ ನಿಂತಿರುತ್ತದೆ. ಆರರಿಂದ ಎಂಟನೇ ವಾರಕ್ಕೆ ಲಸಿಕೆ ಶುರುಮಾಡಿ, ಹದಿನಾರನೇ ವಾರದವರೆಗೆ ಮತ್ತೆ ಮತ್ತೆ ಕೊಡುವುದು ಈ ನಡುವಿನ ಸಂದನ್ನು ಮುಚ್ಚುವುದಕ್ಕೆ. ಆ ಸಂದಿನಲ್ಲೇ ಪಾರ್ವೊ ನುಗ್ಗುತ್ತದೆ: ವಾಂತಿ, ರಕ್ತಭೇದಿ, ಎರಡು ಮೂರು ದಿನದಲ್ಲಿ ಮರಿ ಇಲ್ಲ. ರೋಗದ ನಾಯಿ ಮಲಗಿದ್ದ ನೆಲದಲ್ಲಿ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತದೆ. ಎಷ್ಟೇ ಚೊಕ್ಕಟವಾಗಿಟ್ಟರೂ ದಿನಾ ಹೊಸ ನಾಯಿ ಬರುವ ಕಡೆ ಇದನ್ನು ತಡೆಯುವುದು ಕಷ್ಟ. ಬೆಕ್ಕಿನ ಮರಿಗಳಿಗೂ ಇದೇ ಕುಟುಂಬದ ಇನ್ನೊಂದು ವೈರಸ್ ಕಾದಿರುತ್ತದೆ. ಹಾಗಾಗಿ ಲಸಿಕೆ ಮುಗಿಯದ ಮರಿಗೆ ನಾಯಿ ಬೆಕ್ಕು ಬಾರದ ಒಂದು ಸಾಧಾರಣ ಬಚ್ಚಲುಮನೆ ದೊಡ್ಡ ಶೆಲ್ಟರಿಗಿಂತ ಮೇಲು. ಪ್ರೀತಿಯ ಮಾತು ಆಮೇಲೆ. ಮೊದಲನೆಯದು ಸೋಂಕಿನ ಲೆಕ್ಕ.

ನಮ್ಮ ಮನೆಗೆ ಬಂದದ್ದು ಬೆಕ್ಕಿನ ಮರಿಗಳು, ಮೀನಿನ ಥರ್ಮಕೋಲ್ ಪೆಟ್ಟಿಗೆಯಲ್ಲಿ. ಜೂನ್ ಮೊದಲ ವಾರ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವ ಹಾಗಿಲ್ಲ. ಬಂದರಿನ ದಕ್ಕೆ ಖಾಲಿ ಹೊಡೆಯುತ್ತದೆ. ಮೀನುಗಾರರ ಮನೆಯ ಕಷ್ಟ ಸುದ್ದಿಯಾಗುತ್ತದೆ. ಬೂತಾಯಿಯ ತಲೆಯನ್ನೇ ನಂಬಿದ್ದ ದಕ್ಕೆಯ ಬೆಕ್ಕುಗಳ ಕಷ್ಟ ಹೇಗೂ ಸುದ್ದಿಯಾಗುವುದಿಲ್ಲ. ತಾಯಿ ಏನಾಯಿತೋ ಗೊತ್ತಿಲ್ಲ. ಮೂರು ಮರಿ, ಕಣ್ಣು ಅದೇ ಆಗ ಬಿರಿದಿತ್ತು, ಅಂದರೆ ಹತ್ತು ದಿನದ ಆಸುಪಾಸು. ನಮ್ಮಲ್ಲಿ ಬೆಕ್ಕಿಗೆ ತುಳುವಿನಲ್ಲಿ ಪುಚ್ಚೆ, ಪಕ್ಕದ ಮನೆಯ ಬಾಯಮ್ಮನ ಕೊಂಕಣಿಯಲ್ಲಿ ಮಾಜರ್. ಎರಡೂ ಭಾಷೆಯವರು ಪೆಟ್ಟಿಗೆಯ ಮೇಲೆ ಬಗ್ಗಿ ಹೇಳಿದ ಮೊದಲ ಮಾತು ಒಂದೇ: ಸ್ವಲ್ಪ ಹಾಲು ಬಿಸಿ ಮಾಡಿ ಕೊಡಿ.

ಇಲ್ಲೇ ಮೊದಲ ತಪ್ಪು. ಹಸುವಿನ ಹಾಲು ಕರುವಿಗೆ ತಕ್ಕ ಹಾಲು. ಬೆಕ್ಕಿನ ಹಾಲಿನಲ್ಲಿ ಪ್ರೋಟೀನು, ಕೊಬ್ಬು ಅದಕ್ಕಿಂತ ಹೆಚ್ಚು. ಹಸುವಿನ ಹಾಲಿನ ಸಕ್ಕರೆ ಮರಿಯ ಹೊಟ್ಟೆಗೆ ಒಗ್ಗದೆ ಭೇದಿಯಾಗುತ್ತದೆ. ಅಂಗೈಯಷ್ಟಿರುವ ಜೀವಕ್ಕೆ ಒಂದು ದಿನದ ಭೇದಿಯೂ ಹೆಚ್ಚೇ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಮರಿಗಳಿಗೆಂದೇ ಹಾಲಿನ ಹುಡಿ ಸಿಗುತ್ತದೆ, ಅದು ಬೇಕು. ಎರಡನೇ ತಪ್ಪು, ಮನುಷ್ಯರ ಮಗುವಿನಂತೆ ಅಂಗಾತ ಮಲಗಿಸಿ ಕುಡಿಸುವುದು. ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ತಾಯಿಯ ಹೊಟ್ಟೆಗೆ ಬಾಯಿಟ್ಟ ಹಾಗೆ, ಕವುಚಿ ಇಟ್ಟು, ತಲೆ ಮಾತ್ರ ತುಸು ಎತ್ತಿ ಕುಡಿಸಬೇಕು. ಕುಡಿಸುವುದಕ್ಕೂ ಮೊದಲು ಮೈ ಬೆಚ್ಚಗಾಗಬೇಕು. ಮೂರು ನಾಲ್ಕು ವಾರದವರೆಗೆ ಮರಿಗೆ ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ. ತಣ್ಣಗಿರುವ ಮರಿಗೆ ಹಾಲೂ ಅರಗುವುದಿಲ್ಲ. ಹಿಂದಿನವರು ಪೆಟ್ಟಿಗೆಯ ಮೇಲೊಂದು ಬಲ್ಬು ತೂಗುಬಿಡುತ್ತಿದ್ದರು. ಈಗಿನ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಬಿಸಿ ಕೊಡುವುದಿಲ್ಲ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯೇ ಗತಿ, ಅದನ್ನು ಎರಡು ಗಂಟೆಗೊಮ್ಮೆ ಬದಲಿಸಬೇಕು. ಗಾಳಿಮಳೆಗೆ ಕರೆಂಟು ಹೋಗುವ ರಾತ್ರಿಗಳಲ್ಲಿ ಇದೇ ವಾಸಿ ಕೂಡ.

ಕುಡಿದಾದ ಮೇಲೆ ಇನ್ನೊಂದು ಕೆಲಸವಿದೆ, ಹೇಳಿದರೆ ನಗುತ್ತೀರಿ. ತೀರಾ ಸಣ್ಣ ಮರಿಗಳು ತಾವಾಗಿ ಉಚ್ಚೆ ಹೊಯ್ಯುವುದಿಲ್ಲ, ತಾಯಿ ನೆಕ್ಕಿದರೆ ಮಾತ್ರ. ತಾಯಿಯ ನಾಲಗೆಯ ಬದಲಿಗೆ ಒದ್ದೆ ಹತ್ತಿಯ ಉಂಡೆ. ರಾತ್ರಿ ಎರಡೂವರೆಗೆ ನಮ್ಮ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಕನ್ನಡಕ ಹಾಕಿಕೊಂಡು, ಅಂಗೈಯಲ್ಲಿ ಬೆಕ್ಕಿನ ಮರಿ ಹಿಡಿದು, ಹತ್ತಿಯಿಂದ ಒತ್ತಿ ಕಾಯುತ್ತಿದ್ದರು. ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ಮರಿ ತೂಗಿ, ಹಳೆಯ ಡೈರಿಯಲ್ಲಿ ಗೆರೆ ಎಳೆದು, ಕಾಲಂ ಮಾಡಿ ಬರೆದಿಡುತ್ತಿದ್ದರು. ದಿನಕ್ಕೆ ಹತ್ತರಿಂದ ಹದಿನೈದು ಗ್ರಾಂ ಏರಿದರೆ ಸರಿಯಾದ ದಾರಿ. ಏರದ ದಿನವೇ ಡಾಕ್ಟರಿಗೆ ಫೋನು. ಮರಿ ನೋಡಲು ಆರಾಮಾಗಿಯೇ ಇರುತ್ತದೆ. ತಕ್ಕಡಿಗೆ ಒಂದು ದಿನ ಮೊದಲು ಗೊತ್ತಾಗುತ್ತದೆ.

ನಾಲ್ಕನೇ ದಿನ ಡೈರಿಯ ಮೂರನೇ ಕಾಲಂ ಏರಲಿಲ್ಲ. ಐದನೇ ದಿನ ಇಳಿಯಿತು. ಆರನೇ ದಿನ ಆ ಮರಿಯನ್ನು ಹಿತ್ತಲಿನ ತೆಂಗಿನ ಬುಡದಲ್ಲಿ ಮಣ್ಣು ಮಾಡಿದೆವು. ಫಾಸ್ಟರಿಗೆ ಕರೆಯುವವರು ಇದನ್ನು ಮೊದಲೇ ಹೇಳಬೇಕು ಎಂದು ನನ್ನ ಅಭಿಪ್ರಾಯ. ತಾಯಿಯಿಲ್ಲದ ಹಸುಗೂಸುಗಳಲ್ಲಿ ಕೆಲವು ಉಳಿಯುವುದಿಲ್ಲ, ಎಷ್ಟು ಚೆನ್ನಾಗಿ ನೋಡಿಕೊಂಡರೂ ಉಳಿಯುವುದಿಲ್ಲ. ಇದನ್ನು ಮುಚ್ಚಿಟ್ಟು ಮರಿ ಕೈಗಿಟ್ಟರೆ, ಮೊದಲ ಸಾವಿಗೆ ಆ ಮನೆ ಶಾಶ್ವತವಾಗಿ ಬಾಗಿಲು ಹಾಕುತ್ತದೆ. ಮನಸ್ಸು ಗಟ್ಟಿಯಿಲ್ಲದವರು ಹಾಲು ಬಿಟ್ಟ ಮರಿಯನ್ನೋ ಕಾಲು ಮುರಿದ ದೊಡ್ಡ ನಾಯಿಯನ್ನೋ ಕೇಳಿ ಪಡೆಯಬಹುದು, ಅದರಲ್ಲಿ ನಾಚಿಕೆಯೇನೂ ಇಲ್ಲ.

ದೊಡ್ಡ ನಾಯಿಗಳ ಕಥೆಯಲ್ಲಿ ನಿದ್ದೆಗೆಡುವ ಮಾತಿಲ್ಲ, ನಿದ್ದೆ ಕೊಡುವ ಮಾತು ಇದೆ. ಅಮೆರಿಕದ ಐದು ಶೆಲ್ಟರುಗಳ 207 ನಾಯಿಗಳನ್ನು ಒಂದೆರಡು ರಾತ್ರಿಯ ಮಟ್ಟಿಗೆ ಮನೆಗಳಿಗೆ ಕಳಿಸಿ, ಮೂತ್ರದಲ್ಲಿರುವ ಕಾರ್ಟಿಸಾಲ್ ಅಳೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಲೀಸಾ ಗುಂಟರ್ ಮತ್ತು ಸಂಗಡಿಗರದು. ಕಾರ್ಟಿಸಾಲ್ ಎಂದರೆ ಮೈಯ ಒತ್ತಡವನ್ನು ತೋರಿಸುವ ಹಾರ್ಮೋನು. ಮನೆಯಲ್ಲಿದ್ದ ರಾತ್ರಿ ಅದು ಇಳಿಯಿತು, ನಾಯಿಗಳು ಹೆಚ್ಚು ಹೊತ್ತು ಬಿಡದೆ ಮಲಗಿದವು. ಶೆಲ್ಟರಿಗೆ ಮರಳಿದ ಮೇಲೆ ಕಾರ್ಟಿಸಾಲ್ ಮೊದಲಿನ ಮಟ್ಟಕ್ಕೇ ಬಂತು, ಅದಕ್ಕಿಂತ ಮೇಲೆ ಹೋಗಲಿಲ್ಲ. ‘ನಾಲ್ಕು ದಿನ ಸುಖ ತೋರಿಸಿ ಮತ್ತೆ ಗೂಡಿಗೆ ಹಾಕುವುದು ಪಾಪ’ ಎನ್ನುವವರಿಗೆ ಇದು ಉತ್ತರ. ವಾರಾಂತ್ಯದ ಬಿಡುವು ಕೂಡ ನಷ್ಟವಲ್ಲ. ಇದೇ ತಂಡ 2023ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಹೀಗೆ ಮನೆಯಲ್ಲಿ ಉಳಿದು ಬಂದ ನಾಯಿಗಳಿಗೆ ದತ್ತು ಹೋಗುವ ಸಾಧ್ಯತೆ ಹದಿನಾಲ್ಕು ಪಟ್ಟಿಗೂ ಹೆಚ್ಚಿತ್ತು. ಗೂಡಿನೊಳಗೆ ಬೊಗಳುವ ನಾಯಿಯ ಫೋಟೊಕ್ಕೂ ಚಾವಡಿಯ ಚಾಪೆಯ ಮೇಲೆ ಮಲಗಿದ ಅದೇ ನಾಯಿಯ ಫೋಟೊಕ್ಕೂ ಇರುವ ದೂರವನ್ನು ನೋಡಿದವರಿಗೆ ಇದು ಆಶ್ಚರ್ಯವಲ್ಲ. ಅದಕ್ಕೆ ಮಕ್ಕಳೆಂದರೆ ಆಗುತ್ತದೆಯೇ, ಪಟಾಕಿಗೆ ಹೆದರುತ್ತದೆಯೇ, ಕೋಳಿ ಕಂಡರೆ ಓಡುತ್ತದೆಯೇ ಎಂಬುದೆಲ್ಲ ಮನೆಯಲ್ಲಿ ಮಾತ್ರ ತಿಳಿಯುತ್ತದೆ.

ಮರಿಗಳಿಗೆ ಮನೆ ಬೇಕೆನ್ನಲು ಇನ್ನೊಂದು ಕಾರಣವಿದೆ. ನಾಯಿಮರಿ ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ, ಬೆಕ್ಕಿನ ಮರಿ ಎರಡರಿಂದ ಏಳನೇ ವಾರದವರೆಗೆ ಲೋಕವನ್ನು ಕಲಿಯುತ್ತದೆ. ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು, ಅಜ್ಜನ ಊರುಗೋಲು, ಹಂಚಿನ ಮೇಲೆ ಸುರಿವ ಮಳೆ, ಇವೆಲ್ಲ ಆಗಲೇ ಕಿವಿಗೆ ಬಿದ್ದರೆ ಮುಂದೆ ಹೆದರಿಕೆಯಿಲ್ಲ. ಆ ವಾರಗಳು ಸಿಮೆಂಟಿನ ಗೂಡಿನಲ್ಲಿ ಕಳೆದರೆ ಆಮೇಲೆ ಕಲಿಸುವುದು ಬಹಳ ಕಷ್ಟ.

ಮನೆಯಲ್ಲಿ ಗಮನವಿಡಬೇಕಾದ ಕೆಲವು ಸಂಗತಿಗಳು. ನಮ್ಮಲ್ಲಿ ನೆಲ ಒರೆಸುವುದೆಂದರೆ ಫಿನಾಯಿಲ್. ಬೆಕ್ಕಿಗೆ ಅದು ವಿಷ, ಪಾರ್ವೊ ವೈರಸಿಗೆ ಏನೂ ಮಾಡುವುದಿಲ್ಲ. ನೀರಿನಲ್ಲಿ ಕಲಸಿದ ಬ್ಲೀಚ್ ಕೆಲಸ ಮಾಡುತ್ತದೆ, ಹಾಕಿದ ಮೇಲೆ ಚೆನ್ನಾಗಿ ತೊಳೆದು ಒಣಗಿಸಬೇಕು. ಮನೆಯಲ್ಲಿ ಮೊದಲೇ ನಾಯಿಯೋ ಬೆಕ್ಕೋ ಇದ್ದರೆ ಕನಿಷ್ಠ ಎರಡು ವಾರ ಮುಖಾಮುಖಿ ಬೇಡ; ನಿಮ್ಮದಕ್ಕೆ ಲಸಿಕೆ ಆಗಿರಲೇಬೇಕು. ಉಳಿದ ಪುಳಿಮುಂಚಿಯನ್ನು ಅನ್ನಕ್ಕೆ ಕಲಸಿ ಹಾಕುವ ಅಭ್ಯಾಸ ಬಿಡಿ, ಈರುಳ್ಳಿ ಬೆಳ್ಳುಳ್ಳಿ ನಾಯಿ ಬೆಕ್ಕುಗಳ ರಕ್ತವನ್ನೇ ಕೆಡಿಸುತ್ತವೆ. ಮನೆಯಲ್ಲಿ ಬಸುರಿಯಿದ್ದರೆ ಬೆಕ್ಕಿನ ಮರಳಿನ ತಟ್ಟೆಯನ್ನು ಬೇರೆಯವರು, ದಿನ ತಪ್ಪದೆ ತೆಗೆಯಲಿ. ಮಳೆಗಾಲದಲ್ಲಿ ನಮ್ಮೂರಿನಲ್ಲಿ ಇಲಿಜ್ವರ ಇದ್ದೇ ಇದೆ. ನಾಯಿಗೂ ಬರುತ್ತದೆ, ನಾಯಿಯ ಮೂತ್ರದಿಂದ ಮನುಷ್ಯರಿಗೂ ಬರಬಹುದು. ಅದಕ್ಕೆ ಲಸಿಕೆಯಿದೆ, ಡಾಕ್ಟರಲ್ಲಿ ಕೇಳಿ ಹಾಕಿಸಿ. ಹಿನ್ನೆಲೆ ಗೊತ್ತಿಲ್ಲದ ಮರಿ ಕಚ್ಚಿದರೆ, ಪರಚಿದರೆ, ‘ಮರಿಯಲ್ಲವಾ’ ಎಂದು ಬಿಡಬೇಡಿ. ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು, ವೆನ್ಲಾಕ್ ಆಗಲಿ ಹತ್ತಿರದ ಬೇರೆ ಆಸ್ಪತ್ರೆಯಾಗಲಿ, ಅದೇ ದಿನ ಹೋಗಿ. ಪದೇ ಪದೇ ಫಾಸ್ಟರ್ ಮಾಡುವವರು ಮುಂಚಿತವಾಗಿಯೇ ರೇಬಿಸ್ ಲಸಿಕೆ ಹಾಕಿಸಿಕೊಳ್ಳುವುದು ಜಾಣತನ.

ಫ್ಲ್ಯಾಟಿನ ಅಸೋಸಿಯೇಷನ್ ಬಿಡುವುದಿಲ್ಲ ಎಂಬ ಮಾತು ಬಹಳ ಕೇಳಿದ್ದೇನೆ. ನಾಯಿ ಸಾಕಬೇಡಿ ಎಂದು ಅಸೋಸಿಯೇಷನ್ ನಿಯಮ ಮಾಡುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆಯಲ್ಲಿ ತಿಳಿಸಿದೆ. ಆದರೆ ಸುತ್ತೋಲೆಯ ಪ್ರತಿ ಹಿಡಿದು ಜಗಳಕ್ಕೆ ಹೋಗುವ ಮೊದಲು ಲಿಫ್ಟಿನಲ್ಲಿ ಹೆದರುವ ಅಜ್ಜಿಯ ಹತ್ತಿರ ಒಮ್ಮೆ ಮಾತಾಡಿ. ಆರು ವಾರ ಎಂದರೆ ಹೆಚ್ಚಿನ ಅಜ್ಜಿಯರು ಒಪ್ಪುತ್ತಾರೆ. ಕೊನೆಗೆ ಮರಿಯನ್ನು ಕಳಿಸಬೇಡಿ ಎಂದು ಹಟ ಹಿಡಿಯುವವರೂ ಅವರೇ.

ಶೆಲ್ಟರಿನವರ ಜೊತೆ ಮಾತ್ರ ಎಲ್ಲವನ್ನೂ ಬರೆದುಕೊಂಡೇ ಮಾಡಿ. ಔಷಧದ ಖರ್ಚು ಯಾರದು, ಯಾವ ಡಾಕ್ಟರು, ರಾತ್ರಿ ಯಾರಿಗೆ ಫೋನು, ಎಷ್ಟು ದಿನ, ದತ್ತು ಕೇಳಿ ಬಂದವರನ್ನು ಆಯುವುದು ಯಾರು. ನಮಗೆ ಮೊದಲ ಸಲ ಮರಿ ಕೊಟ್ಟವರು ಮೂರನೇ ದಿನದಿಂದ ಫೋನೇ ಎತ್ತಲಿಲ್ಲ. ಎರಡು ವಾರಕ್ಕೆಂದು ಬಂದದ್ದು ಮೂರು ತಿಂಗಳಿಗೆ ಹೋಯಿತು. ಅವರದೂ ತಪ್ಪೆನ್ನಲಾರೆ, ನಮ್ಮಂಥ ಮನೆಗಳು ಅವರಿಗೆ ಸಿಕ್ಕಿದ್ದೇ ಎರಡೋ ಮೂರೋ.

777 ಚಾರ್ಲಿ ಬಂದ 2022ರಲ್ಲಿ ಈ ಕರಾವಳಿಯಲ್ಲಿ ನಾಯಿಯ ಮಾತೇ ಮಾತು. ನಿರ್ದೇಶಕ ಕಿರಣ್‌ರಾಜ್ ಕಾಸರಗೋಡಿನವರು, ನಾಯಕ ರಕ್ಷಿತ್ ಶೆಟ್ಟಿ ಉಡುಪಿಯವರು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಚಿತ್ರ ನೋಡಿ ಅತ್ತದ್ದು ಎಲ್ಲರಿಗೂ ನೆನಪಿದೆ. ಮರಿ ಹುಟ್ಟಿಸಿ ಮಾರುವವರ ಗೂಡಿನಿಂದ ತಪ್ಪಿಸಿಕೊಂಡ ನಾಯಿಯ ಕಥೆ ಅದು. ಅದನ್ನು ನೋಡಿ ಬಂದ ನನ್ನ ಪರಿಚಯದ ಮೂರು ಮನೆಯವರು ಕೇಳಿದ್ದು, ಅಂಥದೇ ಲ್ಯಾಬ್ರಡಾರ್ ಎಲ್ಲಿ ಸಿಗುತ್ತದೆ ಎಂದು. ಊರನಾಯಿಯ ಹೆಣ್ಣುಮರಿಯನ್ನು ತೋರಿಸಿದರೆ ಮೂವರೂ ಗಡಿಯಾರ ನೋಡಿದರು. ಗೋಣಿಯಲ್ಲಿ ಕಟ್ಟಿ ಮೀನು ಮಾರ್ಕೆಟಿನ ಹತ್ತಿರ ಬಿಟ್ಟುಹೋಗುವ ಮರಿಗಳು ಹೆಚ್ಚಾಗಿ ಹೆಣ್ಣೇ ಆಗಿರುತ್ತವೆ ಎಂಬುದು ಈ ಊರಿನ ಹಳೆಯ ನಾಚಿಕೆ. ಶಸ್ತ್ರಚಿಕಿತ್ಸೆ ಮಾಡಿಸಿಯೇ ಕೊಡುತ್ತೇವೆ ಎಂದರೆ ಕೆಲವರ ಮನಸ್ಸು ಕರಗುತ್ತದೆ. ಅದಕ್ಕೆ ತಕ್ಕ ವಯಸ್ಸಾಗುವವರೆಗೆ ಮರಿ ಎಲ್ಲೋ ಒಂದು ಕಡೆ ಇರಬೇಕಲ್ಲ, ಅಲ್ಲಿಗೆ ಮತ್ತೆ ನಿಮ್ಮ ಬಚ್ಚಲುಮನೆಗೇ ಬಂದು ನಿಂತೆವು.

ಕಳಿಸಿಕೊಡಲಾಗದೆ ತಾವೇ ಇಟ್ಟುಕೊಳ್ಳುವವರನ್ನು ‘ಫಾಸ್ಟರ್ ಫೇಲ್’ ಎಂದು ತಮಾಷೆ ಮಾಡುತ್ತಾರೆ. ಒಂದು ಸಲ ಫೇಲಾಗುವುದು ಸಹಜ. ಎರಡನೇ ಸಲವೂ ಫೇಲಾದರೆ ಮನೆ ತುಂಬಿತು, ಮುಂದಿನ ಪೆಟ್ಟಿಗೆಗೆ ಜಾಗವಿಲ್ಲ. ಶೆಲ್ಟರಿಗೆ ಒಂದು ಮನೆ ಕಡಿಮೆಯಾಯಿತು. ನಮ್ಮಲ್ಲಿ ಉಳಿದ ಎರಡು ಮರಿಗಳಲ್ಲಿ ಹೆಣ್ಣು ಬಾಯಮ್ಮನ ಮನೆಗೆ ಹೋಯಿತು, ಅಂದರೆ ಮಧ್ಯದ ಗೋಡೆ ಹಾರಿತು ಅಷ್ಟೆ. ಗಂಡನ್ನು ಕುದ್ರೋಳಿಯ ಒಂದು ಮನೆಯವರು ಕೇಳಿಕೊಂಡು ಬಂದರು. ಮ್ಯಾನೇಜರು ಡೈರಿಯ ಹಾಳೆಯನ್ನು ಹರಿದು, ಮಡಚಿ, ಲಸಿಕೆಯ ಕಾರ್ಡಿನ ಜೊತೆ ಅವರ ಕೈಗಿಟ್ಟರು. ಆ ಹಾಳೆಯಲ್ಲಿ ಏರದೆ ನಿಂತ ಮೂರನೇ ಕಾಲಮೂ ಇತ್ತು.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ನೋಡಲು ಹೋದೆವು. ಅಲ್ಲಿ ಅದಕ್ಕೆ ಬೇರೆ ಹೆಸರು. ನಾವು ನಮ್ಮ ಹೆಸರಿನಿಂದ ಕರೆದರೆ ಕಿವಿಯೂ ತಿರುಗಲಿಲ್ಲ. ರಾತ್ರಿಯೆಲ್ಲ ಅಂಗೈಯಲ್ಲಿ ಹೊತ್ತ ಮನುಷ್ಯರು ಕುರ್ಚಿಯಿಂದ ಇಳಿದು ನೆಲದಲ್ಲಿ ಕೂತು ಕೈ ಚಾಚಿದರು. ಬಂದು ಮೂಸಿತು, ಹಾಗೇ ದಾಟಿ ಅಡುಗೆಮನೆಯ ಹೊಸ್ತಿಲಲ್ಲಿ ಹೋಗಿ ಕೂತಿತು. ಒಳಗೆ ಮೀನು ಕೊಯ್ಯುತ್ತಿದ್ದ ಮನೆಯೊಡತಿ ತಲೆಯೆತ್ತಿ ಹೇಳಿದರು: “ಇವನಿಗೆ ಬೂತಾಯಿ ಆಗುದಿಲ್ಲ ಮಾರಾಯ್ರೆ. ಬಂಗುಡೆಯೇ ಆಗ್ಬೇಕು.”